ಹಿಮದ ಇಳಿಜಾರಿಗೆ ಹೊರಟ ಮಾಕಳಿಯ ಕುಟುಂಬಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಾಕಳಿ, ಮಾದಾವರ, ದಾಸನಪುರದ ಸುತ್ತಮುತ್ತಲಿಂದ ಚಳಿಗಾಲದಲ್ಲಿ ಉತ್ತರಾಖಂಡದ ಔಲಿಗೆ ಸ್ಕೀ ಕಲಿಯಲು, ಹಿಮ ನೋಡಲು ಹೊರಡುವವರಿಗೆ ಈ ಸೂಚನೆ. ಟಿಕೆಟ್ ತೆಗೆಯುವವರೊಬ್ಬರೇ ಓದಿದರೆ ಸಾಲದು. ಜೊತೆಗೆ ಬರುವ ಅಜ್ಜ, ಅಜ್ಜಿ, ಅತ್ತೆ, ಮಾವ, ಶಾಲೆಯ ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ.

ಔಲಿ ಸಣ್ಣ ಜಾಗ. ಚಮೋಲಿ ಜಿಲ್ಲೆಯ ಜೋಶಿಮಠದ ಮೇಲ್ಗಡೆ, ಸುಮಾರು 2,500 ಮೀಟರಿನಿಂದ 3,050 ಮೀಟರಿನವರೆಗೆ ಹಬ್ಬಿದ ಇಳಿಜಾರು. ದೊಡ್ಡ ಇಳಿಜಾರಿನ ಉದ್ದ ಸುಮಾರು 3 ಕಿ.ಮೀ. ಎದುರಿಗೆ 7,816 ಮೀಟರಿನ ನಂದಾದೇವಿ ಶಿಖರ. ಶಿಖರದ ಸುತ್ತಲಿನ ಕಾಡು, ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ಔಲಿಯಲ್ಲೇ ನಡೆದವು. ಆದರೂ ಇದು ಮನೆಮಂದಿ ಸೇರಿ ಕಲಿಯುವುದಕ್ಕೆ ಒಪ್ಪುವ ಜಾಗ: ಜನಜಂಗುಳಿ ಕಡಿಮೆ, ಹೊಸಬರಿಗೆ ತಕ್ಕ ಮೆಲು ಇಳಿಜಾರುಗಳಿವೆ, ಕಲಿಸುವವರಿದ್ದಾರೆ.

ಇಷ್ಟೊಂದು ನಿಯಮ ಏಕೆಂದರೆ, ನಮ್ಮ ಮೈಗೆ ಹಿಮದ ಅಭ್ಯಾಸವಿಲ್ಲ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ; ಅದೂ 1884ರ ಜನವರಿಯದು. ಔಲಿಯಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಔಲಿಯ ಇಳಿಜಾರಿನ ಬುಡವೇ ಅದಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿದೆ.

ಹಾಗೆಂದು ಸ್ಕೀ ನಮ್ಮವರ ಕೈಲಾಗದ ಆಟವಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನ ಚಿನ್ನ ಗೆದ್ದರು. ಹಿಮ ಬೀಳದ ನಾಡಿನಿಂದ ಹೋದವರು ಅಲ್ಲಿಗೆ ಮುಟ್ಟಿದ್ದು ವರ್ಷಗಟ್ಟಲೆ ಕ್ರಮವಾಗಿ ಕಲಿತು. ನಾಲ್ಕು ದಿನದ ಪ್ರವಾಸಕ್ಕೆ ಹೋಗುವ ನಮಗೂ ಆ ಕ್ರಮ ಬೇಕು. ಕ್ರಮದ ಮೊದಲ ಮೆಟ್ಟಿಲು ಒಂದೇ: ಜಾರುವುದಕ್ಕಿಂತ ಮುಂಚೆ ನಿಲ್ಲುವುದನ್ನು ಕಲಿಯಬೇಕು. ಕೆಳಗಿನ ಎಲ್ಲ ನಿಯಮಗಳೂ ಅದರಿಂದ ಹುಟ್ಟಿದವು.

1. ಊರು ಬಿಡುವ ಮುಂಚೆ

ಮಾಡಬೇಕಾದ್ದು

- ಎರಡು ತಿಂಗಳು ಮೊದಲೇ ನಡಿಗೆ ಶುರು ಮಾಡಿ. ತುಮಕೂರು ರಸ್ತೆಯಲ್ಲೇ ಮುಂದೆ ದಾಬಸ್‌ಪೇಟೆಯಿಂದ ಒಳಗೆ ಹೋದರೆ ಶಿವಗಂಗೆ. ಕುಟುಂಬ ಸಮೇತ ಬೆಟ್ಟ ಹತ್ತಿ ಇಳಿಯಿರಿ. ಇಳಿಯುವಾಗ ಮಂಡಿ ನೋಯುವವರು ಯಾರೆಂದು ಅಲ್ಲೇ ಗೊತ್ತಾಗುತ್ತದೆ. ಸ್ಕೀಯಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಮಂಡಿಯೇ.
- ರಕ್ತದೊತ್ತಡ, ಹೃದಯದ ತೊಂದರೆ, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ತಮ್ಮ ವೈದ್ಯರಿಗೆ ಹೋಗುವ ಎತ್ತರವನ್ನು ಮೀಟರಿನಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿಡಿ.
- ಪ್ರವಾಸ ವಿಮೆ ಮಾಡಿಸಿ. ಸ್ಕೀಯಂಥ ಸಾಹಸ ಕ್ರೀಡೆಯ ಗಾಯಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ. ಅನೇಕ ಪಾಲಿಸಿಗಳು ಇದನ್ನು ಹೊರಗಿಟ್ಟಿರುತ್ತವೆ.
- ಹೊರಡುವ ವಾರ ಔಲಿಯಲ್ಲಿ ಹಿಮ ಬಿದ್ದಿದೆಯೇ ಎಂದು ಅಲ್ಲಿಯವರಿಗೇ ಫೋನ್ ಮಾಡಿ ಕೇಳಿ. ಜನವರಿ, ಫೆಬ್ರವರಿ ಹಿಮದ ತಿಂಗಳುಗಳಾದರೂ ಹಿಮ ಸಾಲದೆ ಸ್ಪರ್ಧೆಗಳನ್ನೇ ಮುಂದೂಡಿದ ವರ್ಷಗಳುಂಟು.

ಮಾಡಬಾರದ್ದು

- ಜೋಶಿಮಠದಿಂದ ಔಲಿಗೆ ರೋಪ್‌ವೇ ಇದೆಯಲ್ಲ ಎಂದು ನಂಬಿ ಹೊರಡಬೇಡಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಸುಮಾರು 4 ಕಿ.ಮೀ. ಉದ್ದದ ಆ ರೋಪ್‌ವೇಯನ್ನು ನಿಲ್ಲಿಸಲಾಯಿತು. ರಸ್ತೆಯಲ್ಲೇ ಹೋಗುವ ಲೆಕ್ಕ ಹಾಕಿ.
- ರಜೆ ಕಡಿಮೆಯೆಂದು ದಿನಗಳನ್ನು ಬಿಗಿ ಮಾಡಬೇಡಿ. ಬರುವಾಗಿನ ವಿಮಾನಕ್ಕೂ ಔಲಿಯಿಂದ ಇಳಿಯುವ ದಿನಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ ಇರಲೇಬೇಕು. ಹಿಮ ಬಿದ್ದು ರಸ್ತೆ ಕಟ್ಟಿದರೆ ಆ ದಿನವೇ ನಿಮ್ಮನ್ನು ಕಾಯುತ್ತದೆ.

2. ಬೆಟ್ಟದ ರಸ್ತೆಯಲ್ಲಿ

ಡೆಹ್ರಾಡೂನ್‌ಗೆ ವಿಮಾನ, ಅಲ್ಲಿಂದ ಋಷಿಕೇಶ. ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ದಾಟಿ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ನಾಲ್ಕೈದು ತಾಸು ಅನ್ನಿಸಬಹುದು; ಅಲ್ಲಿ ಅದು ಇಡೀ ಹಗಲಿನ ದಾರಿ.

ಮಾಡಬೇಕಾದ್ದು

- ನಸುಕಿನಲ್ಲೇ ಹೊರಡಿ, ಬೆಳಕಿರುವಾಗಲೇ ತಲುಪಿ. ಆಗದಿದ್ದರೆ ದಾರಿಯ ಊರಲ್ಲೇ ತಂಗಿ.
- ಬೆಟ್ಟದ ರಸ್ತೆಯಲ್ಲಿ ಓಡಿಸಿ ಪಳಗಿದ ಸ್ಥಳೀಯ ಚಾಲಕರನ್ನೇ ಗೊತ್ತು ಮಾಡಿಕೊಳ್ಳಿ. ಜೋಶಿಮಠದಿಂದ ಔಲಿಗೆ ಹತ್ತುವ ತಿರುವುಗಳಲ್ಲಿ ಹಿಮ ಗಡ್ಡೆಕಟ್ಟಿರುತ್ತದೆ. ಚಕ್ರಕ್ಕೆ ಸರಪಳಿ ಇರುವ ಗಾಡಿಯೇ ಬೇಕು.
- ವಾಂತಿ ಬರುವ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹೊಟ್ಟೆಗೆ ಸ್ವಲ್ಪವೇ ಕೊಡಿ.

ಮಾಡಬಾರದ್ದು

- ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ್ದೇನೆ ಎಂದು ಹಿಮದ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿಯಬೇಡಿ.
- ‘ಬೇಗ ಹೋಗಪ್ಪಾ’ ಎಂದು ಚಾಲಕರನ್ನು ಅವಸರಪಡಿಸಬೇಡಿ. ಅವರು ನಿಲ್ಲಿಸಿದರೆ ಕಾರಣವಿರುತ್ತದೆ.
- ಚಳಿಗಾಲದಲ್ಲಿ ಬದರೀನಾಥದ ಕಡೆ ಗಾಡಿ ತಿರುಗಿಸುವ ಯೋಚನೆ ಬೇಡ. ದೇವಸ್ಥಾನದ ಬಾಗಿಲು ನವೆಂಬರ್ ಹೊತ್ತಿಗೆ ಮುಚ್ಚಿರುತ್ತದೆ. ಚಳಿಗಾಲದ ಪೂಜೆ ಪಾಂಡುಕೇಶ್ವರದಲ್ಲೂ ಜೋಶಿಮಠದ ನರಸಿಂಹ ದೇವಸ್ಥಾನದಲ್ಲೂ ನಡೆಯುತ್ತದೆ. ನಮ್ಮ ಶೃಂಗೇರಿ ದಕ್ಷಿಣದ ಪೀಠವಾದರೆ ಜೋಶಿಮಠ ಉತ್ತರದ ಪೀಠ. ದರ್ಶನ ಅಲ್ಲೇ ಮಾಡಿ.

3. ಎತ್ತರಕ್ಕೆ ಮೈ ಒಗ್ಗುವವರೆಗೆ

ಮಾಕಳಿ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಎರಡೇ ದಿನದಲ್ಲಿ ಅದರ ಮೂರು ಪಟ್ಟು ಮೇಲೆ ಹೋಗುತ್ತೀರಿ. 2,500 ಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಇಳಿಯುತ್ತದೆ. ಎತ್ತರದ ಕಾಯಿಲೆ ವಯಸ್ಸು, ಕಸರತ್ತು ಯಾವುದನ್ನೂ ನೋಡುವುದಿಲ್ಲ. ಜಿಮ್‌ಗೆ ಹೋಗುವ ಮಗನಿಗೆ ಬರಬಹುದು, ಜೊತೆಗಿರುವ ಅಜ್ಜಿಗೆ ಬಾರದಿರಬಹುದು.

ಮಾಡಬೇಕಾದ್ದು

- ಮೊದಲ ರಾತ್ರಿ ಜೋಶಿಮಠದಲ್ಲೇ ಮಲಗಿ. ಮರುದಿನ ಔಲಿಗೆ ಹೋಗಿ. ಹೋದ ದಿನ ಸ್ಕೀ ಬೇಡ, ನಿಧಾನದ ನಡಿಗೆ ಸಾಕು.
- ಬಾಯಾರದಿದ್ದರೂ ಬೆಚ್ಚಗಿನ ನೀರು ಕುಡಿಯುತ್ತಿರಿ.
- ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಕಂಡರೆ ಕೂಡಲೇ ಹೇಳಿ. ಇಂಥ ಲಕ್ಷಣ ಇರುವವರು ಇನ್ನೂ ಮೇಲೆ ಹತ್ತಬಾರದು. ಕೂತಲ್ಲೇ ಏದುಸಿರು, ತೂರಾಡುವ ನಡಿಗೆ, ತೊದಲುವ ಮಾತು ಕಂಡರೆ ರಾತ್ರಿಯೆಂದು ನೋಡದೆ ಸ್ಥಳೀಯರ ನೆರವಿನಿಂದ ಕೆಳಗಿಳಿಸಿ. ಅದಕ್ಕೆ ಇಳಿಯುವುದೇ ಮೊದಲ ಔಷಧ.

ಮಾಡಬಾರದ್ದು

- ‘ಏನಿಲ್ಲ, ಸರಿಹೋಗುತ್ತೆ’ ಎಂದು ತಲೆನೋವು ಮುಚ್ಚಿಡಬೇಡಿ. ಎಲ್ಲರ ಖುಷಿ ಕೆಡಿಸಬಾರದೆಂದು ಸುಮ್ಮನಿರುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ. ಆದ್ದರಿಂದ ಅವರು ಹೇಳಲೆಂದು ಕಾಯದೆ, ಬೆಳಿಗ್ಗೆ ಸಂಜೆ ನೀವೇ ಕೇಳಿ.
- ಎತ್ತರದ ಕಾಯಿಲೆಯ ಮಾತ್ರೆಯನ್ನು ಪಕ್ಕದ ಮನೆಯವರು ತೆಗೆದುಕೊಂಡರೆಂದು ನುಂಗಬೇಡಿ. ಸಲ್ಫಾ ಒಗ್ಗದವರಿಗೆ ಅದು ಅಪಾಯ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.
- ಚಳಿಗೆಂದು ಮದ್ಯ ಕೂಡದು. ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಮೈಯ ಶಾಖ ಚರ್ಮದ ಮೂಲಕ ಹೊರಗೆ ಹೋಗುತ್ತಿರುತ್ತದೆ.

4. ಬಟ್ಟೆ, ಬೂಟು, ಸ್ಕೀ

ಮಾಡಬೇಕಾದ್ದು

- ಮೂರು ಪದರ ಹಾಕಿ: ಒಳಗೆ ಬೆವರು ಹೀರಿ ಹೊರಗೆ ಬಿಡುವ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್, ಪ್ಯಾಂಟು.
- ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ. ಮಕ್ಕಳಿಗೆ ಹಾಕಿಸಿ ದೊಡ್ಡವರು ಬರಿದಲೆಯಲ್ಲಿ ನಿಲ್ಲುವ ಹಾಗಿಲ್ಲ.
- ಕಪ್ಪು ಗಾಗಲ್ ಹಾಕಿ, ಮುಖ, ಕಿವಿ, ಮೂಗಿನ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ ಶೇ. 80ರವರೆಗೆ ಮೇಲಕ್ಕೆ ಹಿಂದಿರುಗಿಸುತ್ತದೆ. ಗಾಗಲ್ ಇಲ್ಲದೆ ಹಗಲೆಲ್ಲ ನಿಂತವರಿಗೆ ರಾತ್ರಿ ಕಣ್ಣಿಗೆ ಮರಳು ಬಿದ್ದಂಥ ಉರಿ, ನೀರು ಸುರಿತ ಶುರುವಾಗುತ್ತದೆ.
- ಬಾಡಿಗೆ ಬೂಟನ್ನು ಕೂತು ನೋಡಿ ಒಪ್ಪಬೇಡಿ. ಪಟ್ಟಿ ಬಿಗಿದು ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು. ಮಂಡಿ ಬಗ್ಗಿಸಿದಾಗ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು.
- ಬಾಡಿಗೆ ಅಂಗಡಿಯವರು ತೂಕ, ಎತ್ತರ, ವಯಸ್ಸು ಕೇಳಿದರೆ ನಿಜ ಹೇಳಿ. ಬಿದ್ದಾಗ ಸ್ಕೀಯಿಂದ ಬೂಟು ಕಳಚಿಕೊಳ್ಳುವ ಬೈಂಡಿಂಗ್‌ನ ಬಿಗಿಯನ್ನು ಅದರ ಮೇಲೇ ಹೊಂದಿಸುತ್ತಾರೆ. ಸುಳ್ಳು ತೂಕ ಹೇಳಿದರೆ ಕಳಚಬೇಕಾದಾಗ ಕಳಚದೆ ಮಂಡಿ ತಿರುಚುತ್ತದೆ.

ಮಾಡಬಾರದ್ದು

- ಹತ್ತಿಯ ಬನಿಯನ್, ಜೀನ್ಸ್ ಹಾಕಿ ಹಿಮಕ್ಕಿಳಿಯಬೇಡಿ. ಹತ್ತಿ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖ ಎಳೆಯುತ್ತದೆ.
- ಎರಡು ಮೂರು ಕಾಲುಚೀಲ ಒಟ್ಟಿಗೆ ಬೇಡ. ಬೂಟಿನೊಳಗೆ ರಕ್ತ ಓಡದೆ ಕಾಲು ಇನ್ನಷ್ಟು ಮರಗಟ್ಟುತ್ತದೆ. ಮಂಡಿಯ ಹತ್ತಿರದವರೆಗೆ ಬರುವ ಒಂದೇ ಉದ್ದ ಕಾಲುಚೀಲ ಸಾಕು.
- ಸೀರೆ, ದುಪಟ್ಟಾ, ಇಳಿಬಿಟ್ಟ ಮಫ್ಲರ್ ಹಾಕಿ ಚೇರ್‌ಲಿಫ್ಟ್ ಹತ್ತಬೇಡಿ. ತಾಳಿಸರ ಅಂಗಿಯ ಒಳಗಿರಲಿ. ಉಂಗುರಗಳನ್ನು ಊರಲ್ಲೇ ತೆಗೆದಿಟ್ಟು ಬನ್ನಿ. ಚಳಿಗೆ ಬೆರಳು ಸಣ್ಣಗಾಗಿ ಜಾರಿದ ಉಂಗುರ ಹಿಮದಲ್ಲಿ ಸಿಗುವುದಿಲ್ಲ.
- ಸನ್‌ಸ್ಕ್ರೀನ್ ಬದಲು ಕೊಬ್ಬರಿ ಎಣ್ಣೆ ಹಚ್ಚಬೇಡಿ.

5. ಇಳಿಜಾರಿನ ಮೇಲೆ

ಮಾಡಬೇಕಾದ್ದು

- ತರಬೇತಿ ಪಡೆದ ಕಲಿಸುವವರ ಬಳಿಯೇ ಕಲಿಯಿರಿ. ಗಢ್ವಾಲ್ ಮಂಡಲ ವಿಕಾಸ ನಿಗಮ ಔಲಿಯಲ್ಲಿ 7 ದಿನದ, 14 ದಿನದ ಸ್ಕೀ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಖಾಸಗಿಯವರಾದರೆ ಪ್ರಮಾಣಪತ್ರ ಕೇಳಿ ನೋಡಿ. ಎಷ್ಟು ಹೊತ್ತು, ಎಷ್ಟು ಜನಕ್ಕೆ, ಎಷ್ಟು ಹಣ ಎಂದು ಮೊದಲೇ ಮಾತಾಡಿ.
- ಮೊದಲ ಪಾಠ ನಿಲ್ಲುವುದು. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿಗಳನ್ನು ಗುಡಿಸಲ ಮಾಡಿನ ಹಾಗೆ ಅಗಲಿಸಿ, ಮಂಡಿ ಬಗ್ಗಿಸಿ, ಒಳ ಅಂಚನ್ನು ಹಿಮಕ್ಕೆ ಒತ್ತಿ. ವೇಗ ಕುಗ್ಗಿ ನಿಲ್ಲುತ್ತೀರಿ. ಕಲಿಸುವವರು ‘ನಿಲ್ಲು’ ಎಂದ ಜಾಗದಲ್ಲೇ ಪ್ರತಿ ಸಲವೂ ನಿಲ್ಲಲು ಬಂದ ಮೇಲೆ ಮಾತ್ರ ಮುಂದಿನ ಪಾಠ.
- ಮೈ ಹಿಂದಕ್ಕೆ ವಾಲಿಸಬೇಡಿ. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಆಗ ಸ್ಕೀ ಇನ್ನೂ ಜೋರಾಗಿ ಓಡುತ್ತದೆ. ಮೊಣಕಾಲ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಿರಬೇಕು.
- ಬೀಳುವುದು ಖಚಿತವಾದರೆ ಪಕ್ಕಕ್ಕೆ ಬೀಳಿ, ಕೈ ಮುಂದಿರಲಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ, ಮೈಗಿಂತ ಕೆಳಗೆ ಇರಿಸಿಕೊಂಡು ಏಳಿ.
- ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಹೊರತಂದ ಹತ್ತು ನಡವಳಿಕೆ ನಿಯಮಗಳು ಜಗತ್ತಿನ ಎಲ್ಲ ಸ್ಕೀ ಇಳಿಜಾರಿಗೂ ಸಲ್ಲುತ್ತವೆ. ಅವುಗಳ ತಿರುಳು ಇದು: ಮೇಲಿನಿಂದ ಬರುವವರೇ ಹೊಣೆ. ಮುಂದೆ, ಕೆಳಗೆ ಇರುವವರು ಹೇಗೆ ತಿರುಗಿದರೂ ಅವರಿಗೆ ತಾಗದಂತೆ ವೇಗ, ದಾರಿ ಇಟ್ಟುಕೊಳ್ಳುವುದು ಹಿಂದಿನವರ ಕೆಲಸ.

ಮಾಡಬಾರದ್ದು

- ಇಳಿಜಾರಿನ ನಡುವೆ ನಿಂತು ಫೋಟೊ ತೆಗೆಯಬೇಡಿ, ಗುಂಪು ಕಟ್ಟಬೇಡಿ. ನಿಲ್ಲುವುದಾದರೆ ಅಂಚಿಗೆ, ಮೇಲಿನವರಿಗೆ ಕಾಣುವಂತೆ ನಿಲ್ಲಿ. ದಿಬ್ಬದ ಮರೆಯಲ್ಲಿ ಕೂರಲೇಬೇಡಿ.
- ನಡೆದುಕೊಂಡು ಇಳಿಜಾರನ್ನು ಅಡ್ಡ ದಾಟಬೇಡಿ. ಮಕ್ಕಳ ಹಿಂದೆ ಓಡುವ ಅಪ್ಪ ಅಮ್ಮಂದಿರಿಗೆ ಈ ಮಾತು.
- ಕೈಯಲ್ಲಿ ಮೊಬೈಲ್ ಹಿಡಿದು ಸ್ಕೀ ಮಾಡುವುದು, ಮಗುವನ್ನು ಎತ್ತಿಕೊಂಡು ಸ್ಕೀ ಮಾಡುವುದು ಕೂಡದು.
- ಗುರುತು ಹಾಕಿದ ದಾರಿ ಬಿಟ್ಟು ಮರಗಳ ನಡುವಿನ ಹೊಸ ಹಿಮಕ್ಕೆ ನುಗ್ಗಬೇಡಿ. ಮರದ ಬುಡದಲ್ಲಿ ಸಡಿಲ ಹಿಮದ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದವರಿಗೆ ಒಬ್ಬರೇ ಎದ್ದು ಬರಲು ಆಗುವುದಿಲ್ಲ.
- ‘ಕೊನೆಯದೊಂದು ಸುತ್ತು’ ಬೇಡ. ಕಾಲು ಸೋತು, ಬೆಳಕು ಮಂಕಾಗಿ, ಹಿಮ ಗಟ್ಟಿಯಾಗುವ ಹೊತ್ತು ಅದು. ದಣಿವು ತಿಳಿದ ಕೂಡಲೇ ಸ್ಕೀ ಕಳಚಿ.

6. ಮಕ್ಕಳು, ಹಿರಿಯರು

ಮಾಡಬೇಕಾದ್ದು

- ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಸ್ಕೀ ಬೇಡ, ಸಮತಟ್ಟು ಜಾಗದಲ್ಲಿ ಹಿಮದ ಆಟ ಸಾಕು. ಅದಕ್ಕಿಂತ ದೊಡ್ಡವರಿಗೂ ಮೊದಲು ಕೋಲಿಲ್ಲದೆ ಕಲಿಸಿ. ಕೋಲು ಹಿಡಿದರೆ ಗಮನ ಕಾಲಿನಿಂದ ಕೈಗೆ ಹೋಗುತ್ತದೆ.
- ಅರ್ಧ ಗಂಟೆಗೊಮ್ಮೆ ಮಗುವಿನ ಕೈಗವಸು ತೆಗೆದು ಬೆರಳು ಮುಟ್ಟಿ ನೋಡಿ. ಬೆರಳು, ಕಿವಿ, ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ತಿಳಿಯದಿದ್ದರೆ ಒಳಗೆ ಕರೆತನ್ನಿ. ನಿಮ್ಮ ಕಂಕುಳಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಬೆಚ್ಚಗೆ ಮಾಡಿ.
- ಜೇಬಿನಲ್ಲಿ ಶೇಂಗಾ ಚಿಕ್ಕಿ, ಖರ್ಜೂರ, ಕೋಡುಬಳೆ ಇರಲಿ. ರಾಗಿ ಹುರಿಹಿಟ್ಟು ತೆಗೆದುಕೊಂಡು ಹೋಗಿ, ಬಿಸಿನೀರು ಬೆಲ್ಲ ಇದ್ದರೆ ಎಲ್ಲಿ ಬೇಕಾದರೂ ಕಲಸಿ ಕೊಡಬಹುದು. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ಅನ್ನ, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಹಸಿದ ಮಗುವನ್ನು ಅಲ್ಲಿಯವರೆಗೆ ಕಾಯಿಸಬೇಡಿ.

ಮಾಡಬಾರದ್ದು

- ಹೆದರಿ ಅಳುವ ಮಗುವನ್ನು ‘ಪಕ್ಕದ ಮನೆಯವನು ನೋಡು ಹೇಗೆ ಹೋಗ್ತಿದಾನೆ’ ಎಂದು ಇಳಿಜಾರಿಗೆ ತಳ್ಳಬೇಡಿ. ಮಗು ಸಾಕೆಂದರೆ ಸಾಕು.
- ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಸುಡುನೀರಿಗೆ ಅದ್ದಬೇಡಿ.
- ಗರ್ಭಿಣಿಯರು ಸ್ಕೀ ಮಾಡಕೂಡದು. ಹಿರಿಯರನ್ನು ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಎಲ್ಲರೂ ಇಳಿಜಾರಿಗೆ ಹೋಗಕೂಡದು.

7. ಕೋಣೆಯೊಳಗೆ

ಇದನ್ನು ಎರಡು ಸಲ ಓದಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಹೀಗೆ ಮಲಗಿದ ಕುಟುಂಬಗಳು ಬೆಳಿಗ್ಗೆ ಏಳದ ಸುದ್ದಿ ಬರುತ್ತಲೇ ಇರುತ್ತದೆ. ಮಲಗುವ ಮುಂಚೆ ಕೆಂಡ ಹೊರಗೆ ಹೋಗಬೇಕು, ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು. ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಗಾಳಿ ಆಡುವ ಕಿಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಹೊರಗೆ ಕಾಯಿಸಿದ ನೀರು ತರಿಸಿಕೊಳ್ಳಿ. ಚಳಿಗೆ ಕಂಬಳಿ, ಬಿಸಿನೀರಿನ ಚೀಲ ಕೇಳಿ ಪಡೆಯಿರಿ.

8. ಹವಾಮಾನ ಕೆಟ್ಟರೆ

2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ತ್ರತಾಲ್ ಚಾರಣಕ್ಕೆ ಹೊರಟಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ, 9 ಮಂದಿ ತೀರಿಕೊಂಡರು. ಬೆಂಗಳೂರಿನ ಎಷ್ಟೋ ಮನೆಗಳಿಗೆ ಆ ನೋವು ಇನ್ನೂ ಹಸಿಯಾಗಿದೆ. ಅದು ನಡೆದದ್ದು ಬೇಸಿಗೆಯಲ್ಲಿ. ಔಲಿಗೆ ನೀವು ಹೋಗುವುದು ನಡು ಚಳಿಗಾಲದಲ್ಲಿ.

ಮಾಡಬೇಕಾದ್ದು

- ಪ್ರತಿ ಬೆಳಿಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಹೋಟೆಲಿನವರನ್ನೂ ಕಲಿಸುವವರನ್ನೂ ಕೇಳಿ. ಮೂವರಲ್ಲಿ ಒಬ್ಬರು ಬೇಡವೆಂದರೂ ಆ ದಿನ ಒಳಗಿರಿ.
- ಮೋಡ ಕವಿದು ಎದುರಿನವರು ಕಾಣದಾದರೆ ಕೂಡಲೇ ಇಳಿಯಿರಿ, ಗುಂಪು ಬಿಡಬೇಡಿ.

ಮಾಡಬಾರದ್ದು

- ಮಾರ್ಗದರ್ಶಕರಿಲ್ಲದೆ ಮೇಲಿನ ಗೋರ್ಸನ್ ಬುಗ್ಯಾಲಿನ ಕಡೆ ನಡೆದು ಹೋಗಬೇಡಿ. ಬುಗ್ಯಾಲುಗಳಲ್ಲಿ, ಅಂದರೆ ಬೆಟ್ಟದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ನಿಷೇಧಿಸಿದೆ.
- ‘ಇಷ್ಟು ದೂರ ಬಂದಿದ್ದೇವೆ, ದುಡ್ಡು ಕಟ್ಟಿದ್ದೇವೆ’ ಎಂಬ ಮಾತನ್ನು ಯಾರೂ ಆಡಬಾರದು. ಕಟ್ಟಿದ ದುಡ್ಡು ಹೋದರೆ ಹೋಗಲಿ.

9. ಅಲ್ಲಿಯ ಊರು, ಕಾಡು

ಜೋಶಿಮಠದ ಹತ್ತಿರದ ರೈಣಿ ಹಳ್ಳಿಯಲ್ಲಿ 1974ರ ಮಾರ್ಚ್‌ನಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರಗಳಿಗೆ ಅಡ್ಡ ನಿಂತು ಕಾಡು ಉಳಿಸಿಕೊಂಡರು. ಆ ಚಿಪ್ಕೊ ಚಳವಳಿಯ ಸ್ಫೂರ್ತಿಯೇ 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೊ ಆಯಿತು. ಆ ಋಣ ನೆನಪಿಟ್ಟುಕೊಂಡು ನಡೆಯಿರಿ.

ಮಾಡಬೇಕಾದ್ದು

- ನಿಮ್ಮ ಪ್ಲಾಸ್ಟಿಕ್, ಡೈಪರ್, ಚಿಪ್ಸ್ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗೆ ತನ್ನಿ. 2019ರ ಜೂನ್‌ನಲ್ಲಿ ಔಲಿಯಲ್ಲಿ ನಡೆದ ಭಾರಿ ಮದುವೆಯ ಕಸ ಹೈಕೋರ್ಟ್‌ವರೆಗೂ ಹೋಯಿತು. ನೂರು ಕುಟುಂಬ ಬಿಸಾಡುವ ಸಣ್ಣ ಕಸವೂ ಸೇರಿದರೆ ಅಷ್ಟೇ ಆಗುತ್ತದೆ. ಅಲ್ಲಿ ಬಿದ್ದದ್ದು ಹಿಮ ಕರಗಿದಾಗ ಅಲಕನಂದೆಗೆ ಇಳಿಯುತ್ತದೆ.
- ಉಳಿಯುವ ಕಟ್ಟಡ ಸುರಕ್ಷಿತವೆಂದು ವಿಚಾರಿಸಿಕೊಂಡೇ ಕೋಣೆ ಹಿಡಿಯಿರಿ. 2023ರಲ್ಲಿ ಜೋಶಿಮಠದ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು.

ಮಾಡಬಾರದ್ದು

- ಆ ಬಿರುಕು ಮನೆಗಳ ಮುಂದೆ ನಿಂತು ಫೋಟೊ ತೆಗೆಯಬೇಡಿ. ಅವು ಜನ ಬಾಳಿದ ಮನೆಗಳು.
- ಕ್ಯಾಂಪ್‌ಫೈರ್‌ಗೆಂದು ಓಕ್, ದೇವದಾರು ಮರದ ಕೊಂಬೆ ಮುರಿಯಬೇಡಿ. ಮುಸುವಗಳಿಗೆ ತಿಂಡಿ ಹಾಕಬೇಡಿ. ಸ್ಪೀಕರ್ ಹಾಕಿ ಕುಣಿಯಬೇಡಿ.
- ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನದ ಗಡಿ ದಾಟಬೇಡಿ.

10. ಅವಘಡವಾದರೆ

- ಬಿದ್ದವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಅಡ್ಡಡ್ಡ ನೆಟ್ಟು ಮೇಲಿನಿಂದ ಬರುವವರನ್ನು ಎಚ್ಚರಿಸಿ. ಕಲಿಸುವವರನ್ನು ಕೂಗಿ, 112ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ಗೆ 108.
- ಕುತ್ತಿಗೆ, ಬೆನ್ನು ನೋವೆಂದರೆ ಅಲುಗಾಡಿಸಬೇಡಿ. ಬೂಟು ಎಳೆದು ತೆಗೆಯಬೇಡಿ. ಕೆಳಗೂ ಮೇಲೂ ಹೊದಿಸಿ ಬೆಚ್ಚಗಿಡಿ.
- ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವಂತಿಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಹೋಟೆಲಿನ ಹೆಸರು, ಫೋನ್ ನಂಬರು ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲೂ ಇರಲಿ.
- ದೊಡ್ಡ ಚಿಕಿತ್ಸೆಗೆ ಋಷಿಕೇಶದ ಏಮ್ಸ್‌ವರೆಗೆ ಇಳಿಯಬೇಕಾಗಬಹುದು. ಅದು ಹಗಲಿಡೀ ಹಿಡಿಯುವ ದಾರಿ. ಅದನ್ನು ತಿಳಿದೇ ಪ್ರತಿ ಹೆಜ್ಜೆ ಇಡಿ.

ಕೊನೆಯ ನಿಯಮ

ಮನೆಯಲ್ಲಿ ಯಾರು ಬೇಕಾದರೂ ‘ನಿಲ್ಲಿಸೋಣ’ ಎನ್ನಬಹುದು: ಆರು ವರ್ಷದ ಮಗು, ಸೊಸೆ, ಅಜ್ಜಿ, ಬಾಡಿಗೆ ಗಾಡಿಯ ಚಾಲಕ ಯಾರಾದರೂ ಸರಿ. ಆ ಮಾತು ಬಂದ ಕ್ಷಣ ಎಲ್ಲರೂ ನಿಲ್ಲಬೇಕು. ಕಾರಣ ಆಮೇಲೆ ಕೇಳಿ, ವಾದ ಮಾಡಬೇಡಿ, ಹಂಗಿಸಬೇಡಿ. ಹಿಮ ಮುಂದಿನ ವರ್ಷವೂ ಬೀಳುತ್ತದೆ. ಹೋದವರೆಲ್ಲ ಮಾಕಳಿಗೆ ಮರಳಿ ಬರುವುದು ಮುಖ್ಯ. ಈ ಒಂದು ನಿಯಮವನ್ನು ಮನೆಯ ಯಜಮಾನರು ಎಲ್ಲರೆದುರು ಒಪ್ಪಿದರೆ ಟಿಕೆಟ್ ತೆಗೆಯಿರಿ. ಒಪ್ಪದಿದ್ದರೆ ಈ ವರ್ಷ ಪ್ರವಾಸ ಬೇಡ.